ಐದನೇ ನಂಬರಿನ ಗಾಜು

ಭೂತಗನ್ನಡಿ ಹಿಡಿದು ನಾನು ಗಾಜಿನ ಅಂಚನ್ನು ನೋಡುತ್ತಿದ್ದರೆ ಹಾಲೇಶ ಎರಡನೇ ಸಲ ಕೇಳಿದ.

“ಏನರ ಕಂಡ್ತೇನ್ರಿ, ಪಾಲಯ್ಯ ಸರ್?”

ಕಂಡಿತ್ತು. ಆದರೆ ಮೂವತ್ತೊಂದು ವರ್ಷ ಕರೆಂಟ್ ಆಫೀಸಿನಲ್ಲಿ ಮನೆಮನೆ ತಿರುಗಿ ಮೀಟರ್ ತಪಾಸಣೆ ಮಾಡಿದವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಮೀಟರಿನ ಸೀಲು ಒಡೆದದ್ದು ಕಣ್ಣಿಗೆ ಬಿದ್ದರೂ ನಾವು ತಕ್ಷಣ ಬಾಯಿ ಬಿಡುವುದಿಲ್ಲ. ಮೊದಲು ಕುಡಿಯಲು ನೀರು ಕೇಳುತ್ತೇವೆ. ನೀರು ತರಲು ಒಳಗೆ ಹೋದವರು ಹೊರಗೆ ಬರುವಷ್ಟರಲ್ಲಿ ನೋಡಬೇಕಾದದ್ದನ್ನೆಲ್ಲ ನೋಡಿ ಮುಗಿಸಿರುತ್ತೇವೆ.

ನೀರು ಕೇಳಿದೆ. ಹಾಲೇಶ ಎಡಗೈಯಲ್ಲೇ ಬಾಟಲಿ ಎತ್ತಿಕೊಟ್ಟ. ಬಲಗೈ ಹೆಬ್ಬೆರಳಿಗೆ ಬಿಳಿ ಪಟ್ಟಿ ಸುತ್ತಿತ್ತು. ಏನಾಯ್ತಪ್ಪ ಎಂದರೆ ಬೈಕಿನ ಸೈಲೆನ್ಸರ್ ತಗುಲಿತು ಎಂದ. ಅವನು ಈ ಗಾಜುಗಳನ್ನು ತಯಾರಿಸಿದ ರಮಾಳ ಜೊತೆಗೇ ಕಾಲೇಜಿನಲ್ಲಿ ಪಾಠ ಮಾಡುವವನು, ಲ್ಯಾಬಿನಲ್ಲೂ ಅವಳಿಗೆ ಜೊತೆ. ನಾನು ಈ ತಪಾಸಣೆಗೆ ಬಂದ ಹತ್ತು ದಿನಗಳಲ್ಲಿ ನನಗೆ ಬಿಸಿ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ ತಂದುಕೊಟ್ಟವನು ಅವನೊಬ್ಬನೇ. ಅಷ್ಟರಿಂದಲೇ ನನಗೆ ಅವನ ಮೇಲೆ ಪ್ರೀತಿ ಬಂದಿತ್ತು. ವಯಸ್ಸಾದ ಮೇಲೆ ಮನುಷ್ಯ ನಾಲಿಗೆಗೆ ಸೋಲುತ್ತಾನೆ, ಏನು ಮಾಡುವುದು.

ನಾವು ನಿಂತಿದ್ದದ್ದು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಮೇಲೆ, ಮುಚ್ಚಿಹೋದ ಒಂದು ರೈಸ್ ಮಿಲ್ಲಿನ ತಾರಸಿಯಲ್ಲಿ. ಕೆಳಗೆ ಅದಿರಿನ ಲಾರಿಗಳು ಒಂದರ ಬಾಲ ಒಂದು ಹಿಡಿದು ಹೋಗುತ್ತಿದ್ದವು. ಬೆಳಿಗ್ಗೆ ತೊಟ್ಟ ಬಿಳಿ ಅಂಗಿ ಹತ್ತು ಗಂಟೆಗೆಲ್ಲ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಇಂಥ ಧೂಳಿನಲ್ಲಿ ಬದುಕಿದರೆ ಎಲ್ಲಿ ಬೇಕಾದರೂ ಬದುಕುತ್ತವೆ ಎಂದೇ ರಮಾ ತನ್ನ ಗಾಜುಗಳನ್ನು ಇಲ್ಲಿ ಬಿಸಿಲಿಗೆ ಇಟ್ಟಿದ್ದಳು.

ಎಂಟು ಗಾಜುಗಳು. ಒಂದೊಂದೂ ಬೆಂಕಿಪೊಟ್ಟಣದಷ್ಟು. ಎರಡು ಗಾಜುಗಳ ನಡುವೆ ನೇರಳೆ ಹಣ್ಣು ತಿಂದ ನಾಲಿಗೆಯ ಬಣ್ಣದ ಒಂದು ತೆಳು ಪದರ. ಅದು ಪ್ಲಾಸ್ಟಿಕ್ಕಿನ ಜಾತಿಯದು, ಪಾಲಿಮರ್ ಅನ್ನುತ್ತಾರೆ. ಬಿಸಿಲು ಬಿದ್ದರೆ ಕರೆಂಟು ಕೊಡುತ್ತದೆ. ಪೇಪರ್ ಅಚ್ಚು ಹಾಕಿದ ಹಾಗೆ ಅಚ್ಚು ಹಾಕಬಹುದು ಸರ್, ಅಗ್ಗಕ್ಕೆ ಸಿಗುತ್ತದೆ, ತಗಡಿನ ಶೆಡ್ಡಿಗೂ ನೇತು ಹಾಕಬಹುದು ಎಂದು ರಮಾ ಮೊದಲ ದಿನವೇ ನನಗೆ ಹೇಳಿದ್ದಳು. ಹೇಳುವಾಗ ಆ ಹುಡುಗಿಯ ಮುಖ ನೋಡಬೇಕಿತ್ತು. ಅದಕ್ಕೇ ನಾನು ಈ ಪತ್ತೆಯ ಕೆಲಸ ಒಪ್ಪಿಕೊಂಡದ್ದು.

ಆದರೆ ಗಾಳಿ ಮತ್ತು ತೇವ ಆ ಪದರಕ್ಕೆ ಹಗೆಗಳು. ಗಾಜಿನ ಅಂಚಿಗೆ ಎಂಥ ಅಂಟು ಹಾಕಿದರೂ ಎಲ್ಲೋ ಒಂದು ಕಡೆಯಿಂದ ನುಸುಳುತ್ತವೆ. ಎಂಟರಲ್ಲಿ ಏಳು ಹೀಗೇ ದಿನದಿನಕ್ಕೂ ಕುಂದಿ ಸತ್ತವು.

ಐದನೆಯದು ಮಾತ್ರ ಸತ್ತು ಎದ್ದಿತ್ತು.

ಫೆಬ್ರವರಿ ಆರನೇ ತಾರೀಖು, ಮಂಗಳವಾರ. ಹನ್ನೊಂದು ಹತ್ತರಿಂದ ಒಂದು ನಲವತ್ತೈದರವರೆಗೆ ಐದರ ಲೆಕ್ಕ ಬರೆಯುವ ಯಂತ್ರದಲ್ಲಿ ಏನೂ ಇಲ್ಲ, ಬರೀ ಖಾಲಿ. ಅಂದರೆ ಯಾರೋ ಅದನ್ನು ಕಳಚಿದ್ದಾರೆ. ಮತ್ತೆ ಜೋಡಿಸಿದ ಮೇಲೆ ನೋಡಿದರೆ ಕರೆಂಟು ಹೆಚ್ಚುಕಡಿಮೆ ಮೊದಲ ದಿನದಷ್ಟೇ ಬರುತ್ತಿದೆ. ಅಲ್ಲಿಂದ ಇವತ್ತಿಗೆ ಹದಿನೆಂಟು ದಿನ, ಒಂದು ಕೂದಲಿನಷ್ಟೂ ಇಳಿದಿಲ್ಲ. ಹಿಂಬದಿಗೆ ಅಂಟಿಸಿದ್ದ ನಂಬರಿನ ಚೀಟಿ ಮಾತ್ರ ಮಾಯ.

ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂದರೆ ಯಾರು ನಂಬುತ್ತಾರೆ? ವಿಭಾಗದ ಮುಖ್ಯಸ್ಥೆ ಶೈಲಜಾ ಮೇಡಂ ನಂಬಲಿಲ್ಲ. ರಮಾ ಹಳೆಯ ಗಾಜು ತೆಗೆದು ಹೊಸದನ್ನು ಇಟ್ಟಿದ್ದಾಳೆ, ಇದು ಮೋಸ ಎಂದು ಬರೆದು ಕಳಿಸಿದರು. ರಮಾ ಆ ವಾರವೆಲ್ಲ ಬೆಂಗಳೂರಿನಲ್ಲಿ ತರಬೇತಿಯಲ್ಲಿದ್ದಳು ಎಂಬುದು ಯಾರಿಗೂ ಉತ್ತರವಾಗಿ ಕಾಣಲಿಲ್ಲ. ತಾನಿಲ್ಲದಾಗ ಬೇರೆಯವರ ಕೈಲಿ ಮಾಡಿಸಿದ್ದಾಳೆ ಎಂದರು. ವಿಚಾರಣೆಗೆ ಮೂವರು ದೊಡ್ಡವರು ಬರುತ್ತಿದ್ದಾರೆ. ಭಾನುವಾರ ಹಂಪಿ ನೋಡಿ, ಸೋಮವಾರ ರಮಾಳ ಹಣೆಬರಹ ಬರೆಯುತ್ತಾರಂತೆ.

ಇವತ್ತು ಶನಿವಾರ. ಐದು ವರ್ಷದ ದುಡಿತ, ಲ್ಯಾಬಿನ ಬೀಗದ ಕೈ, ಎಲ್ಲಕ್ಕಿಂತ ಮೇಲೆ ಮಾನ. ಕಂಪ್ಲಿಯಲ್ಲಿ ಗದ್ದೆ ಕೂಲಿ ಮಾಡಿ ಓದಿಸಿದ ಅಪ್ಪ ಮಾರೆಪ್ಪನಿಗೆ ಮಗಳು ಇನ್ನೂ ವಿಷಯ ತಿಳಿಸಿರಲಿಲ್ಲ.

“ಪಾಲಯ್ಯ ಸರ್,” ರಮಾ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು, “ಏನಿಲ್ಲ ಅಂದ್ರ ಏನಿಲ್ಲ ಅಂತ ಹೇಳಿಬಿಡ್ರಿ. ನಾ ತಡಕೋತೀನಿ.”

“ಮೊದಲ ಹಸಿವಾಗೈತಿ,” ಎಂದೆ. “ಸತ್ತ ಗಾಜಿನಾಗ ಒಂದು ತಗೊ. ನಿನ್ನ ಮೀಟರ್ ತಗೊ. ಉಷ್ಣ ಅಳಿಯೋದು ಐತಲ್ಲ, ಅದನ್ನೂ ತಗೊ. ನಡಿ.”

ಅವಳು ಎರಡನೇ ನಂಬರನ್ನು ಬಿಚ್ಚಿ ಹತ್ತಿಯಲ್ಲಿ ಸುತ್ತಿದಳು. ಐದನೆಯದನ್ನು ಮೇಡಮ್ಮಿನ ಕಾಗದವಿಲ್ಲದೆ ಕೆಳಗಿಳಿಸುವ ಹಾಗಿರಲಿಲ್ಲ. ಅಪವಾದ ಬಂದ ಮೇಲೆ ಅದರ ಚೌಕಟ್ಟಿಗೆ ಹಾಕಿದ ಬೀಗದ ಕೈ ಹಾಲೇಶನ ಹತ್ತಿರ. ಎಲ್ಲಿಗೆ ಎಂದು ಅವನು ಕೇಳಿದ. ಊಟಕ್ಕೆ ಎಂದೆ. ಊಟಕ್ಕೆ ಹೋಗುವವರಿಗೆ ಥರ್ಮಾಮೀಟರ್ ಯಾಕೆ ಎಂದು ಪುಣ್ಯಾತ್ಮ ಕೇಳಲಿಲ್ಲ.

ಮೆಟ್ಟಿಲು ಇಳಿಯುತ್ತ ರಮಾಗೆ ಎಲ್ಲ ಹೇಳಿದೆ. ಐದರ ಅಂಚಿನಲ್ಲಿರುವ ಕಪ್ಪು ಪಟ್ಟಿಯನ್ನು ಎಲ್ಲರೂ ಯಾವುದೋ ಹೊಸ ಅಂಟು ಎಂದುಕೊಂಡಿದ್ದರು. ಅದು ರಬ್ಬರು. ಅದರ ಒಂದು ಮೂಲೆಯಲ್ಲಿ ಹಳದಿ ಗೆರೆಯ ಒಂದು ತುಣುಕು ಇದೆ. ಪಟ್ಟಿಯ ಪಕ್ಕದಲ್ಲಿ ಗಾಜಿನ ಮೇಲೆ ಅಡ್ಡಡ್ಡ ಗೀರುಗಳು, ಅರದಿಂದ ಉಜ್ಜಿದ ಗುರುತು. ಒಂದು ಕಡೆ ಸಣ್ಣಗೆ ನೀಲಿ ಪೆನ್ಸಿಲ್ಲಿನ ಗುಣಾಕಾರದ ಗುರುತು.

“ಸೈಕಲ್ ಹೊಡದೀಯೇನವ್ವ ನೀನು?”

ಹೂಂ ಎಂದಳು.

“ಪಂಕ್ಚರ್ ಹಾಕೋವ್ರು ಏನು ಮಾಡ್ತಾರ? ನೀರಾಗ ಮುಳುಗಿಸಿ ತೂತು ಹುಡುಕ್ತಾರ. ಅಲ್ಲೊಂದು ಪೆನ್ಸಿಲ್ ಗುರುತು. ಆಮ್ಯಾಲ ಅರ ಹಾಕಿ ಉಜ್ತಾರ. ಆಮ್ಯಾಲ ರಬ್ಬರ್ ಇಟ್ಟು ಬಿಸಿ ಪ್ರೆಸ್ಸಿನಾಗ ಬಿಗೀತಾರ. ನಿನ್ನ ಗಾಜಿಗೆ ಯಾರೋ ಪಂಕ್ಚರ್ ಹಾಕ್ಯಾರ.”

ರಮಾ ಕೊನೆಯ ಮೆಟ್ಟಿಲ ಮೇಲೆ ಕೂತೇಬಿಟ್ಟಳು. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ನೀರಿನಲ್ಲಿ ಮುಳುಗಿಸಿದರೇ, ನೀರಿನಲ್ಲಿ, ಎಂದು ತನ್ನಷ್ಟಕ್ಕೆ ತಾನೇ ಎರಡು ಸಲ ಹೇಳಿಕೊಂಡಳು.

ಸರಿ, ಹಾಕಿದ್ದು ಯಾರು? ಈ ಲಾರಿಗಳ ಕಾಲದಲ್ಲಿ ಪಂಕ್ಚರ್ ಅಂಗಡಿಗಳಿಗೇನು ಬರ, ಮಾರಿಗೊಂದು ಇದೆ. ಆದರೆ ಹೆಚ್ಚಿನವರು ಸೀಮೆಎಣ್ಣೆಯ ಒಲೆಯ ಮೇಲೆ ಪ್ರೆಸ್ ಕಾಯಿಸುತ್ತಾರೆ, ಅದಕ್ಕೆ ಮಸಿ ಹತ್ತುತ್ತದೆ. ಐದರ ಪಟ್ಟಿಗೆ ಮಸಿಯಿಲ್ಲ, ಎಲ್ಲ ಕಡೆಯೂ ಒಂದೇ ಸಮ ಬೆಂದಿದೆ. ಅದು ಕರೆಂಟಿನ ಪ್ರೆಸ್ಸಿನ ಕೆಲಸ. ನಡೆದುಹೋಗಿ ಬರುವಷ್ಟು ದೂರದಲ್ಲಿ ಕರೆಂಟಿನ ಪ್ರೆಸ್ ಇರುವುದು ಎರಡೇ ಅಂಗಡಿಗಳಲ್ಲಿ. ಯಾರ ಮನೆಯಲ್ಲಿ ಏನು ಉರಿಯುತ್ತದೆ ಎಂಬುದು ನನಗೆ ಗೊತ್ತಿಲ್ಲದಿದ್ದರೆ ಇನ್ಯಾರಿಗೆ ಗೊತ್ತಿರಬೇಕು?

ಅವೆರಡರಲ್ಲಿ ಒಂದು ಮರಿಯಮ್ಮನಹಳ್ಳಿ ಕಡೆಯ ಲೈನಿನದು. ಆ ಮಂಗಳವಾರ ಆ ಲೈನಿಗೆ ಹತ್ತರಿಂದ ಎರಡರವರೆಗೆ ಕರೆಂಟು ತೆಗೆದಿದ್ದರು. ಅಲ್ಲೇ ನಿಂತು ಫೋನು ಮಾಡಿ ಹಳೆಯ ಲೈನ್‌ಮನ್ ಒಬ್ಬನನ್ನು ಕೇಳಿ ಖಾತ್ರಿ ಮಾಡಿಕೊಂಡೆ.

ಉಳಿದದ್ದು ಒಂದು. ಮಿಲ್ಲಿನಿಂದ ಅರ್ಧ ಮೈಲಿ, ಸಂಡೂರು ರಸ್ತೆಯ ತಿರುವಿನಲ್ಲಿ, ರಾಮಾಂಜಿನಿಯ ಅಂಗಡಿ.

*

ನಾಲ್ಕು ಕಂಬ, ಮೇಲೆ ತಗಡು. ಬಾಗಿಲಿಗೆ ಹಾರದ ಹಾಗೆ ಲಾರಿಯ ಟ್ಯೂಬುಗಳು. ಹಿಂದಕ್ಕೆ ಒಂದು ಕೋಣೆ, ಅದರ ಬಾಗಿಲಿಗೆ ಗೋಣಿಯ ಪರದೆ. ಮುಂದೆ ಅರ್ಧ ಡ್ರಮ್ಮಿನಲ್ಲಿ ಕೆಂಪು ನೀರು.

ರಾಮಾಂಜಿನಿ ನನ್ನ ಮುಖ ನೋಡಿದ್ದೇ ತಡ, ಕೈಲಿದ್ದ ಸುತ್ತಿಗೆ ಬಿಟ್ಟು ತಲೆಯೆತ್ತಿ ಮೇಲಿನ ತಂತಿ ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ. ಅವನು ನೋಡಿದ ಕಡೆಗೆ ನಾನೂ ನೋಡಿದೆ. ಕಂಬದಿಂದ ಮೀಟರು ತಪ್ಪಿಸಿ ಒಂದು ಕಳ್ಳ ಕೊಂಡಿ ಸೀದಾ ಅಂಗಡಿಗೆ ಇಳಿದಿತ್ತು.

“ಮೀಟರ್ ಸಾಹೇಬ್ರು,” ಎಂದ. “ಬರ್ರಿ. ಕುಂದ್ರಿ. ಚಾ ತರಿಸ್ಲಿ?”

ನಾನು ನಿವೃತ್ತಿಯಾಗಿ ಮೂರು ವರ್ಷವಾಯಿತು, ಕೊಂಡಿಯ ಸಂಗತಿಗೆ ಬಂದಿಲ್ಲ ಎಂದು ಸಮಾಧಾನ ಹೇಳಿದೆ. ಮಳೆಗಾಲಕ್ಕೆ ಮೊದಲು ಅದನ್ನು ತೆಗೆಯದಿದ್ದರೆ ಹೆಂಡತಿ ಮಕ್ಕಳಿಗೆ ಯಾರು ಗತಿ ಎಂದು ಬೈದೂ ಬಿಟ್ಟೆ. ನನ್ನ ಸ್ವಭಾವವೇ ಹಾಗೆ. ಆಮೇಲೆ ರಮಾಳ ಕೈಯಿಂದ ಎರಡನೇ ಗಾಜು ತೆಗೆದುಕೊಂಡು ಅವನ ಮುಂದೆ ಹಿಡಿದೆ.

“ಇಂಥಾದ್ದು ನೋಡೀಯೇನು?”

“ಇಲ್ರಿ.”

“ಸರಿಯಾಗಿ ನೋಡು.”

“ನಾವು ಟ್ಯೂಬಿನೋರು ಸಾಹೇಬ್ರ. ಗಾಜಿನ ಕೆಲಸ ನಮಗೆಲ್ಲಿಂದ ಬರ್ಬೇಕು?”

ಮಾತಾಡುವಾಗ ಅವನ ಕಣ್ಣು ಗಾಜಿನ ಮೇಲಿರಲಿಲ್ಲ. ನನ್ನ ತಲೆಯ ಹಿಂದೆ ಗೂಟಕ್ಕೆ ನೇತು ಹಾಕಿದ್ದ ಒಂದು ಟ್ಯೂಬಿನ ತುಂಡಿನ ಮೇಲಿತ್ತು. ನಾನು ತಿರುಗಿ ಅದನ್ನು ಕೈಗೆತ್ತಿಕೊಂಡೆ. ಕಪ್ಪು ರಬ್ಬರು, ನಡುವೆ ಉದ್ದಕ್ಕೂ ಹಳದಿ ಗೆರೆ. ಒಂದು ಕಡೆ ಕತ್ತರಿಯಿಂದ ಸಣ್ಣ ಸಣ್ಣ ಪಟ್ಟಿಗಳನ್ನು ಕತ್ತರಿಸಿ ತೆಗೆದಿದ್ದ ಜಾಗ. ಆ ಕತ್ತರಿ ಹಳದಿ ಗೆರೆಯನ್ನೂ ಕತ್ತರಿಸಿಕೊಂಡು ಹೋಗಿತ್ತು.

“ರಾಮಾಂಜಿನಿ,” ಎಂದೆ, “ಈ ಹುಡುಗಿ ಮ್ಯಾಲ ಕಳ್ಳಿ ಅಂತ ಬರದಾರ. ಸೋಮವಾರ ಅದು ಖರೇ ಅಂತ ಆಗ್ತೈತಿ. ನೀ ಬಾಯಿ ಬಿಟ್ರ ಮಾತ್ರ ಸುಳ್ಳಾಗ್ತೈತಿ.”

ಅವನು ಕೆಳಗೆ ನೋಡಿಕೊಂಡು ನಿಂತ. ಆಗ ಗೋಣಿಯ ಪರದೆ ಸರಿಯಿತು.

“ಅವನ್ನ ಕೇಳಬ್ಯಾಡ್ರಿ. ನಾನಽ ತಂದಿದ್ದು.”

ತಿಪ್ಪಕ್ಕ. ದಿನಾ ಬೆಳಿಗ್ಗೆ ಆ ಎಂಟು ಗಾಜುಗಳ ಧೂಳು ಒರೆಸಲು ಕಾಲೇಜು ಇಟ್ಟುಕೊಂಡಿದ್ದ ಹೆಂಗಸು. ನಾನು ಎರಡು ಸಲ ಕೇಳಿದಾಗಲೂ ತನಗೇನೂ ಗೊತ್ತಿಲ್ಲ ಎಂದಿದ್ದವಳು, ಮೂರು ದಿನದಿಂದ ಜ್ವರ ಎಂದು ಕೆಲಸಕ್ಕೇ ಬಂದಿರಲಿಲ್ಲ. ರಾಮಾಂಜಿನಿ ಅವಳ ಒಡಹುಟ್ಟಿದ ತಮ್ಮ. ಮೂವತ್ತೊಂದು ವರ್ಷ ಊರಿನವರ ಲೋಡ್ ಲೆಕ್ಕ ಹಾಕಿದ ನಾನು ಈ ಸಂಬಂಧ ಒಂದನ್ನು ಕೇಳದೆ ಬಿಟ್ಟಿದ್ದೆ. ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು ಅನ್ನಿಸಿತು.

ಅವಳು ನನ್ನ ಕಡೆ ನೋಡಲಿಲ್ಲ. ರಮಾಳ ಮುಂದೆ ನಿಂತು ಎಲ್ಲ ಹೇಳಿಕೊಂಡಳು. ಒಣ ಬಟ್ಟೆಯಲ್ಲೇ ಒರೆಸಬೇಕು, ನೀರು ಮುಟ್ಟಿಸಬಾರದು ಎಂದು ರಮಾ ಬೆಂಗಳೂರಿಗೆ ಹೋಗುವ ಮುಂಚೆ ಅವಳಿಗೆ ಕಟ್ಟಪ್ಪಣೆ ಮಾಡಿದ್ದಳು. ಒಂದು ದಿನ ಇಬ್ಬನಿ ಬಿದ್ದು ಅದಿರಿನ ಧೂಳು ಕೆಸರಾಗಿ ಕಚ್ಚಿಕೊಂಡಿತ್ತು. ಒಣ ಬಟ್ಟೆಗೆ ಹೋಗಲಿಲ್ಲ. ಐದನೆಯದಕ್ಕೆ ಮಾತ್ರ ಒದ್ದೆ ಬಟ್ಟೆ ಹಾಕಿದಳು. ಮರುದಿನ ನೋಡಿದರೆ ಗಾಜಿನ ಒಳಮೈಗೆ ಸಣ್ಣಗೆ ಹಬೆ ಕಟ್ಟಿದೆ.

“ನನ್ನ ಕೈಯಾಗಽ ಸತ್ತೈತಿ ಅಂತ ಜೀವ ಹೊಡಕೊಂತು, ಮೇಡಮ್ಮಾರ. ನೀವು ಅವಕ್ಕ ಮಕ್ಕಳಂಗ ಮಾಡ್ತಿದ್ರಿ. ನೀವು ಬರೋದ್ರಾಗ ಸರಿ ಮಾಡಿಸಬೇಕು ಅಂತ ಸೆರಗಿನಾಗ ಕಟ್ಟಿಕೊಂಡು ಇಲ್ಲಿಗೆ ಬಂದೆ. ಸೋರೋದು ಏನಿದ್ರೂ ನನ್ನ ತಮ್ಮ ಮುಚ್ತಾನ.”

ಎಲ್ಲ ಗಾಜುಗಳೂ ತಾವಾಗಿಯೇ ಸಾಯುತ್ತಿದ್ದವು, ಅವಳ ಒದ್ದೆ ಬಟ್ಟೆಯಿಂದಲ್ಲ. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಒಬ್ಬಳು ಮಾಡದ ತಪ್ಪಿಗೆ ಹೆದರಿ ಇಷ್ಟು ದೊಡ್ಡ ಕೆಲಸ ಮಾಡಿದ್ದಳು.

ರಮಾ ಅವಳ ಎರಡೂ ಕೈ ಹಿಡಿದುಕೊಂಡು ನಿಂತಳು. ಆಮೇಲೆ ರಾಮಾಂಜಿನಿಯ ಕಡೆ ತಿರುಗಿ, ಅಣ್ಣ, ಏನೇನು ಮಾಡಿದೆ, ಒಂದೂ ಬಿಡದೆ ಹೇಳು ಎಂದಳು.

ಕೊಂಡಿಯ ಭಯ, ಕಳ್ಳತನದ ಭಯ ಎರಡೂ ಇಳಿದ ಮೇಲೆ ರಾಮಾಂಜಿನಿಗೆ ತನ್ನ ಕಸುಬಿನ ಗತ್ತು ಬಂತು. ತಣ್ಣೀರಿನಲ್ಲಿ ಅದ್ದಿದರೆ ಟ್ಯೂಬಿನ ಹಾಗೆ ಇದು ಗುಳ್ಳೆ ಬಿಡುವುದಿಲ್ಲ, ಒಳಗೆ ಒತ್ತಿ ತುಂಬಿದ ಗಾಳಿಯಿಲ್ಲ. ಅದಕ್ಕೆ ಬಿಸಿನೀರು ಇಟ್ಟು ಅಂಚನ್ನಷ್ಟೇ ಒಂದು ಚಣ ಅದ್ದಿದನಂತೆ.

“ಬಿಸಿಗೆ ಒಳಗಿನ ಗಾಳಿ ಉಬ್ತೈತಿ, ಹೊರಗ ಬರಾಕ ನೋಡ್ತೈತಿ. ಹೊರಗ ಬರೋ ದಾರಿಯಾಗ ನೀರು ಒಳಗ ಹೆಂಗ ಹೊಕ್ಕೀತು? ಮೂಲಿಯಾಗ ಸಾಸಿವಿ ಕಾಳಿನಂಥಾ ಗುಳ್ಳಿ ಬಂತು. ತಣ್ಣಗಾಗಾಕ ಬಿಡಲಿಲ್ಲ, ತಗದಽ ಒರಸಿ, ಅರ ಹಾಕಿ, ನಾಕೂ ಕಡಿ ಟ್ಯೂಬಿನ ಪಟ್ಟಿ ಇಟ್ಟು ಪ್ರೆಸ್ಸಿಗೆ ಹಾಕಿದೆ. ಗಾಜು ಅಂತ ಅರ್ಧ ಸುತ್ತು ಕಡಿಮಿ ಬಿಗಿದೆ. ತಂತಿ ಹೊರಗ ಬರ್ತಾವಲ್ಲ, ಅಲ್ಲಿ ವಾಲ್ವಿನ ಸುತ್ತ ಹಾಕ್ದಂಗ ಹಾಕಿದೆ.”

ನಂಬರಿನ ಚೀಟಿ ಏನಾಯಿತು ಎಂದು ಕೇಳಿದೆ. ಬಿಸಿನೀರಿಗೆ ಎದ್ದು ಬಂತು, ಡ್ರಮ್ಮಿನಲ್ಲಿ ಹೋಯಿತು ಎಂದ.

ರಮಾ ಆ ಟ್ಯೂಬಿನ ತುಂಡನ್ನು ಕೈಗೆ ತೆಗೆದುಕೊಂಡು ಎಳೆದು ನೋಡಿದಳು. ಹೊರದೇಶದಿಂದ ತರಿಸಿದ ಹನ್ನೆರಡು ನಮೂನೆಯ ಅಂಟುಗಳನ್ನು ಅವಳು ಹಾಕಿ ನೋಡಿದ್ದಳು. ಲಾರಿಯ ಟ್ಯೂಬು ಬ್ಯುಟೈಲ್ ಎಂಬ ಜಾತಿಯ ರಬ್ಬರಂತೆ. ಗಾಳಿಯನ್ನು ಅದರಷ್ಟು ಗಟ್ಟಿಯಾಗಿ ಹಿಡಿದಿಡುವ ರಬ್ಬರು ಇನ್ನೊಂದು ಸಿಗುವುದು ಕಷ್ಟವಂತೆ. ಒಳಗಿನ ಗಾಳಿ ಹೊರಹೋಗಲಿ ಎಂದು ರಾಮಾಂಜಿನಿ ಮಾಡಿದ ಉಪಾಯವೂ ಸರಿಯಾಗಿತ್ತು, ಬಿಸಿಯಿದ್ದಾಗಲೇ ಬಾಯಿ ಮುಚ್ಚಿದ್ದೂ ಸರಿಯಾಗಿತ್ತು. ಹನ್ನೆರಡು ವರ್ಷ ಓದಿದ್ದೂ ಸಾಲಲಿಲ್ಲ ನೋಡ್ರಿ ಸರ್ ಎಂದು ಅವಳು ನಕ್ಕಳು. ಹತ್ತು ದಿನದಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

“ಆದ್ರ ಮುಚ್ಚಿದ್ರ ಸಾಯೋದು ನಿಲ್ತೈತಿ,” ಎಂದೆ. “ಸತ್ತಿದ್ದು ಎದ್ದು ಕುಂತಿದ್ದು ಹೆಂಗ?”

ಅವಳು ಉಷ್ಣ ಅಳೆಯುವ ತಂತಿಯನ್ನು ಕಾದ ಪ್ರೆಸ್ಸಿಗೆ ತಾಗಿಸಿ ಕಾದಳು. ಅಂಕಿ ಏರಿ ಏರಿ ನೂರಾ ನಲವತ್ತೆಂಟು ಡಿಗ್ರಿಗೆ ನಿಂತಿತು.

“ನಾನು ನೂರಾ ಹತ್ತು ದಾಟಿಸಿದಾಕಿ ಅಲ್ಲ,” ಎಂದಳು. “ಕೆಟ್ಟು ಹೋದೀತು ಅಂತ ಹೆದರಿಕಿ ನನಗ. ಈ ಬಿಸಿಗೆ ಒಳಗ ಹೊಕ್ಕ ಗಾಳಿ, ತೇವ ಎಲ್ಲ ಬಿಟ್ಟು ಹೋಗ್ಯಾವ. ಪದರ ತನ್ನಷ್ಟಕ್ಕ ತಾನು ಮತ್ತ ಹೊಂದಿಕೊಂಡೈತಿ.”

ಹೇಳುವುದು ಬೇರೆ, ತೋರಿಸುವುದು ಬೇರೆ. ಎರಡನೇ ಗಾಜನ್ನು ಬಿಸಿಲಿಗೆ ಹಿಡಿದು ಮೀಟರ್ ಹಚ್ಚಿದಳು. ಒಂದು ಪಾಯಿಂಟ್ ಒಂದು ಮಿಲಿ ಆಂಪಿಯರ್. ಹೊಸದಿದ್ದಾಗ ಇದೇ ಗಾಜು ಆರು ಕೊಟ್ಟಿತ್ತು. ಟೈಮು, ಅಂಕಿ ಎರಡನ್ನೂ ಬರೆದು ನನ್ನ ರುಜು ಹಾಕಿಸಿಕೊಂಡಳು. ರಾಮಾಂಜಿನಿ ಬಿಸಿನೀರು ಇಟ್ಟ. ಅದೇ ಟ್ಯೂಬಿನಿಂದ ಪಟ್ಟಿ ಕತ್ತರಿಸಬೇಡ, ಅದು ಸಾಕ್ಷಿ ಎಂದು ನಾನು ತಡೆದೆ. ಇನ್ನೊಂದು ಟ್ಯೂಬಿನಿಂದ ಕತ್ತರಿಸಿದ.

ಪ್ರೆಸ್ಸಿನ ಹತ್ತು ನಿಮಿಷ ಶುರುವಾಯಿತು.

ನಾನು ಸುಮ್ಮನೆ ಕೂರುವ ಜಾತಿಯಲ್ಲ. ಗೂಟದ ಮೇಲಿನ ಟ್ಯೂಬಿನ ತುಂಡು, ಐದರ ಅಂಚಿನ ಪಟ್ಟಿ, ಇವುಗಳ ಮೇಲಿನ ಹಳದಿ ಗೆರೆಗಳು ಒಂದಕ್ಕೊಂದು ಕೂಡಿದರೆ ಸಾಕು, ಸೋಮವಾರ ಯಾರೂ ಬಾಯಿ ತೆರೆಯುವ ಹಾಗಿಲ್ಲ. ಇದೇ ಗಾಜು, ಬೇರೆ ಗಾಜಲ್ಲ, ಇಲ್ಲಿಗೆ ಬಂದು ಹೋದದ್ದು ಎಂಬುದಕ್ಕೆ ಅದಕ್ಕಿಂತ ದೊಡ್ಡ ರುಜುವಾತು ಬೇಕಿಲ್ಲ. ಐದನ್ನು ಈಗಲೇ ತರಿಸು, ಇಲ್ಲೇ ಕೂಡಿಸಿ ಫೋಟೋ ತೆಗೆಯೋಣ ಎಂದೆ. ಶೈಲಜಾ ಮೇಡಂಗೆ ಫೋನು ಮಾಡಿದರೆ ಅವರು ಹಾಲೇಶನ ಕೈಯಲ್ಲೇ ಬರಲಿ, ಬೇರೆಯವರು ಮುಟ್ಟುವುದು ಬೇಡ ಎಂದು ಒಪ್ಪಿದರು. ಕಟುವಾದ ಹೆಂಗಸು, ಆದರೆ ಹಠಮಾರಿಯಲ್ಲ.

ರಮಾ ಹಾಲೇಶನಿಗೆ ಫೋನು ಮಾಡಿ ಸಂತೋಷದಲ್ಲಿ ಎಲ್ಲವನ್ನೂ ಒಂದೇ ಉಸಿರಿಗೆ ಒದರಿದಳು. ಅವನ ದನಿ ನನಗೂ ಕೇಳುತ್ತಿತ್ತು. ಪಂಕ್ಚರ್ ಅಂಗಡಿಯಾ, ಯಾವ ಅಂಗಡಿ, ಎಲ್ಲಿ ಬರುತ್ತದೆ, ನಾನು ಆ ಕಡೆ ಬಂದವನೇ ಅಲ್ಲವಲ್ಲ ಎಂದ. ಅವಳು ತಿರುವು, ತಗಡು, ಕೆಂಪು ನೀರಿನ ಡ್ರಮ್ಮು ಎಲ್ಲ ಗುರುತು ಹೇಳಿದಳು.

ಚಹಾ ಸೋಸುತ್ತಿದ್ದ ತಿಪ್ಪಕ್ಕನ ಕೈ ಅಷ್ಟು ಹೊತ್ತು ನಿಂತೇ ಇತ್ತು.

ರಾಮಾಂಜಿನಿ ಪ್ರೆಸ್ ಬಿಚ್ಚಿದ. ಬಿಸಿ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ತಣ್ಣಗಾಗುವವರೆಗೆ ರಮಾ ಅದನ್ನು ಮುಟ್ಟಗೊಡಲಿಲ್ಲ. ಆಮೇಲೆ ಬಿಸಿಲಿಗೆ ಒಯ್ದು, ಮೊದಲು ಹಿಡಿದ ಜಾಗದಲ್ಲೇ, ಮೊದಲಿನ ಓರೆಯಲ್ಲೇ ಹಿಡಿದು ತಂತಿ ಹಚ್ಚಿದಳು.

ಎರಡು ಪಾಯಿಂಟ್ ಒಂಬತ್ತು. ಮೂರೂವರೆ. ನಾಲ್ಕು ಪಾಯಿಂಟ್ ನಾಲ್ಕು. ಅಲ್ಲಿ ನಿಂತಿತು.

ಆರು ಆಗಲಿಲ್ಲ. ಹಿಂಬದಿಯ ಲೋಹವನ್ನು ತೇವ ಸ್ವಲ್ಪ ತಿಂದುಬಿಟ್ಟಿದೆ, ಅದು ಮರಳುವುದಿಲ್ಲ ಎಂದಳು ರಮಾ. ಸಾಯುವುದಕ್ಕೆ ಮೊದಲೇ, ಹೊಸದರಲ್ಲೇ ಹೀಗೆ ಬೇಯಿಸಿ ಹೀಗೆ ಮುಚ್ಚಿದರೆ ಆರರ ಮೇಲೇ ಹೋದೀತು, ವರ್ಷಗಟ್ಟಲೆ ನಿಂತೀತು ಎಂದೂ ಅಂದಳು. ಅಷ್ಟು ಹೇಳಿ ಅತ್ತೇಬಿಟ್ಟಳು. ಎದುರಿಗೆ ನಿಂತು ಹೋದ ಅದಿರಿನ ಲಾರಿಯ ಡ್ರೈವರ್ ಇವರೇಕೆ ಒಂದು ಗಾಜಿನ ಚೂರು ಹಿಡಿದು ಅಳುತ್ತಿದ್ದಾರೆ ಎಂದು ಬಗ್ಗಿ ನೋಡಿದ. ನನ್ನ ಕಣ್ಣಲ್ಲೂ ನೀರು ಬಂದಿತ್ತು. ಧೂಳಿನಿಂದ ಎಂದು ಹೇಳಬಹುದಿತ್ತು, ಆದರೆ ಯಾಕೆ ಸುಳ್ಳು ಹೇಳಲಿ, ಸಂತೋಷಕ್ಕೇ ಬಂದದ್ದು.

“ಅಪ್ಪಗ ಇವತ್ತ ಫೋನ್ ಮಾಡ್ತೀನಿ,” ಎಂದಳು ರಮಾ.

ನಾನು ಚಹಾ ತೆಗೆದುಕೊಂಡು ತಿಪ್ಪಕ್ಕನ ಹತ್ತಿರ ಕೂತೆ. ಒಂದು ಮುಳ್ಳು ಇನ್ನೂ ಚುಚ್ಚುತ್ತಿತ್ತು. ಹುಡುಗಿಯ ಮೇಲೆ ಇಷ್ಟು ದೊಡ್ಡ ಅಪವಾದ ಬಂದಿರುವುದು ಗೊತ್ತಿದ್ದೂ ಇಷ್ಟು ದಿನ ಯಾಕವ್ವ ಬಾಯಿ ಮುಚ್ಚಿಕೊಂಡಿದ್ದೆ ಎಂದು ಕೇಳಿದೆ.

ಅವಳು ಲೋಟದ ಅಂಚು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು.

“ಹೇಳಾಕಽ ಹೊಂಟಿದ್ದೆ. ಒಬ್ರು ಬ್ಯಾಡ ಅಂದ್ರು. ಹೇಳಿದ್ರ ನಿನ್ನ ಕೆಲಸ ಹೊಕ್ಕೈತಿ, ನಿನ್ನ ತಮ್ಮನ್ನೂ ಒಳಗ ಹಾಕ್ತಾರ ಅಂದ್ರು. ಹುಲಿಗೆಮ್ಮನ ಭಂಡಾರ ಮುಟ್ಟಿಸಿ ಆಣಿ ಮಾಡಿಸಿಕೊಂಡ್ರು.”

“ಯಾರು?”

“ನಾ ಮಾಡಿದ್ದು ಹೇಳೀನಿ, ಅದು ನಂದು. ಅವರ ಹೆಸರು ನನ್ನ ಬಾಯಿಂದ ಬರಂಗಿಲ್ರಿ ಸಾಹೇಬ್ರ. ನನಗ ಮೊಮ್ಮಕ್ಕಳು ಅದಾವ.”

ಹುಲಿಗೆಮ್ಮ ದೇವಿಯ ಅರಿಶಿನ ಮುಟ್ಟಿ ಮಾಡಿದ ಆಣೆ ಎಂದ ಮೇಲೆ ಪೊಲೀಸರ ಲಾಠಿಗೂ ಅವಳ ಬಾಯಿ ಬಿಡದು. ಈ ಕಡೆಯವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಮತ್ತೆ ಕೇಳಲಿಲ್ಲ. ಆದರೆ ಆಣೆ ಮಾಡಿಸಿಕೊಂಡವರಿಗೆ ಐದನೇ ಗಾಜಿನ ಗುಟ್ಟು ಮೊದಲೇ ಗೊತ್ತಿತ್ತು. ಗೊತ್ತಿದ್ದೂ ರಮಾ ಕಳ್ಳಿ ಅನ್ನಿಸಿಕೊಳ್ಳಲಿ ಎಂದು ಬಿಟ್ಟಿದ್ದರು.

ತಮ್ಮನನ್ನು ಕೇಳೋಣ ಎಂದು ಎದ್ದೆ. ಅವನೇನೂ ಆಣೆ ಮಾಡಿರಲಿಲ್ಲವಲ್ಲ. ಆಗ ತಿರುವಿನಲ್ಲಿ ಬೈಕಿನ ಸದ್ದಾಯಿತು.

ತಿಪ್ಪಕ್ಕ ಸೆರಗನ್ನು ತಲೆಯ ಮೇಲೆಳೆದುಕೊಂಡು ಪರದೆಯ ಹಿಂದೆ ಹೋದಳು.

ಹಾಲೇಶ ಅಂಗಡಿಯ ಮುಂದೆ ನಿಲ್ಲಿಸಿದ. ಟ್ಯಾಂಕಿನ ಮೇಲಿನ ಚೀಲವನ್ನು ಒಂದು ಕೈಯಿಂದ ಹಿಡಿದುಕೊಂಡಿದ್ದ. ಅಡ್ರೆಸ್ ಹುಡುಕುವುದರಲ್ಲಿ ಸಾಕಾಗಿ ಹೋಯಿತು ಮೇಡಂ ಎಂದು ನಕ್ಕ. ರಮಾ ಎರಡನೇ ಗಾಜನ್ನು ಎತ್ತಿ ಹಿಡಿದು, ನಾಲ್ಕು ಪಾಯಿಂಟ್ ನಾಲ್ಕು ಎನ್ನುತ್ತ ಅವನ ಕಡೆ ಓಡಿದಳು.

ಅವಳಿಗಿಂತ ಮೊದಲು ರಾಮಾಂಜಿನಿ ಕೈ ಒರೆಸಿಕೊಳ್ಳುತ್ತ ಮುಂದೆ ಹೋದ. ಗುರುತಿನ ಗಿರಾಕಿ ಬಂದ ಸಂತೋಷ ಅವನ ಮುಖದ ಮೇಲೆಲ್ಲ ಇತ್ತು.

“ಬರ್ರಿ ಸರ್, ಕುಂದ್ರಿ. ಹೆಬ್ಬೆಟ್ಟು ಮಾಯ್ತೇನು? ಅವತ್ತ ಗಾಜಿನ ಕೆಲಸ ಹೆಂಗ ಅಂತ ನೋಡಾಕ ಬಂದಾಗ ಪ್ರೆಸ್ ಮುಟ್ಟಬ್ಯಾಡ್ರಿ, ಮುಟ್ಟಬ್ಯಾಡ್ರಿ ಅಂದ್ರೂ ನೀವು ಕೇಳಲಿಲ್ಲ.”

ರಮಾ ನಿಂತಳು. ಹಾಲೇಶನ ಬೆರಳಿನ ಪಟ್ಟಿ ನೋಡಿದಳು, ಆಮೇಲೆ ಅವನ ಮುಖ ನೋಡಿದಳು.

ಐದನೇ ನಂಬರಿನ ಗಾಜು ಅವನ ಚೀಲದಲ್ಲಿತ್ತು. ಅವನು ಗಾಡಿ ಆಫ್ ಮಾಡಿರಲಿಲ್ಲ.